ಹತ್ತು ಕೋಟಿಯ ತಿಜೋರಿಯಲ್ಲಿ 122 ಕೋಟಿ!

ಬೀದಿಯಲ್ಲಿ ಸಿಕ್ಕ ಪರ್ಸನ್ನು ಫೋನ್ ಮಾಡಿ ಕರೆದು ಕೊಡುವ ಊರು ಮುಂಬೈ. ಬ್ಯಾಂಕಿನ ತಿಜೋರಿಯಿಂದಲೇ ಕೋಟಿಗಟ್ಟಲೆ ಮಾಯವಾಗುವ ಊರೂ ಅದೇ. ಜನ ಅವರೇ, ನೀರು ಅದೇ. ಹಾಗಾದರೆ ಪ್ರಾಮಾಣಿಕತೆ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು?

2025ರ ಫೆಬ್ರವರಿ 12. ಮುಂಬೈಯ ಪ್ರಭಾದೇವಿ. ರಿಸರ್ವ್ ಬ್ಯಾಂಕಿನ ತಪಾಸಣಾ ಅಧಿಕಾರಿಗಳು ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ತಿಜೋರಿ ತೆಗೆಸಿ ನೋಟು ಎಣಿಸಲು ಕೂತರು. ಎಣಿಕೆ ಮುಗಿದಾಗ ಪುಸ್ತಕಕ್ಕೂ ತಿಜೋರಿಗೂ ತಾಳೆಯೇ ಇರಲಿಲ್ಲ.

ಪುಸ್ತಕದಲ್ಲಿ ತೋರಿಸಿದ್ದ ನಗದು ಸುಮಾರು 122 ಕೋಟಿ ರೂಪಾಯಿ. ಆಮೇಲೆ ಪೊಲೀಸರ ಆರ್ಥಿಕ ಅಪರಾಧ ವಿಭಾಗ ತನಿಖೆಗಿಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಆ ತಿಜೋರಿಗೆ ಹಿಡಿಯುವುದೇ ಹತ್ತು ಕೋಟಿಯಷ್ಟು!

ಅಂದರೆ ಮೋಸ ಗೊತ್ತಾಗಲು ನೋಟು ಎಣಿಸುವ ಅಗತ್ಯವೂ ಇರಲಿಲ್ಲ. ಬಾಗಿಲು ತೆಗೆದು ಒಮ್ಮೆ ಇಣುಕಿದ್ದರೆ ಸಾಕಿತ್ತು. ಲೆಕ್ಕ ಬರೆಯುವವರಿದ್ದರು, ಬರೆದದ್ದನ್ನು ಪರಿಶೀಲಿಸುವವರಿದ್ದರು, ಪರಿಶೀಲಿಸಿದ್ದೇವೆ ಎಂದು ಸಹಿ ಹಾಕುವವರೂ ಇದ್ದರು. ಇಣುಕಬೇಕೆಂದು ಯಾರಿಗೂ ಅನ್ನಿಸಲಿಲ್ಲವೋ, ಅನ್ನಿಸಿದರೂ ಬೇಡವಾಯಿತೋ? ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿದೆ. ಯಾರ ಪಾಲು ಎಷ್ಟೆಂದು ಅಲ್ಲೇ ತೀರ್ಮಾನವಾಗಬೇಕು.

ಫೆಬ್ರವರಿ 13ರಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಮರುದಿನ ಶಾಖೆಗಳ ಮುಂದೆ ಪಾಸ್‌ಬುಕ್ ಹಿಡಿದವರ ಸಾಲು. ಫೆಬ್ರವರಿ 27ರಿಂದ ತಲಾ 25 ಸಾವಿರ ರೂಪಾಯಿಯವರೆಗೆ ತೆಗೆಯಲು ಅನುಮತಿ ಸಿಕ್ಕಿತು. ಆಗಸ್ಟ್‌ನಲ್ಲಿ ಬ್ಯಾಂಕು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾದ ಮೇಲಷ್ಟೇ ಠೇವಣಿದಾರರ ಜೀವ ಮರಳಿ ಬಂತು.

ಕನ್ನಡಿಗರಿಗೆ ಈ ಸುದ್ದಿ ಇನ್ನೂ ಸ್ವಲ್ಪ ಹೆಚ್ಚು ಚುಚ್ಚಬೇಕು. ನ್ಯೂ ಇಂಡಿಯಾ ಬ್ಯಾಂಕು 1968ರಲ್ಲಿ ಹುಟ್ಟಿದ್ದು 'ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್' ಎಂಬ ಹೆಸರಿನಲ್ಲಿ. ಹುಟ್ಟುಹಾಕಿದವರು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. 1949ರಲ್ಲಿ ಕೆಲಸ ಹುಡುಕಿಕೊಂಡು ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದ ಹುಡುಗ, ಮುಂದೆ ಟ್ಯಾಕ್ಸಿ ಚಾಲಕರ, ನಗರಪಾಲಿಕೆ ಕಾರ್ಮಿಕರ ನಾಯಕನಾಗಿ ಬೆಳೆದಿದ್ದರು. ಬ್ಯಾಂಕುಗಳ ರಾಷ್ಟ್ರೀಕರಣಕ್ಕೆ ಇನ್ನೂ ಒಂದು ವರ್ಷ ಬಾಕಿ ಇದ್ದ ಕಾಲ ಅದು. ದೊಡ್ಡ ಬ್ಯಾಂಕುಗಳು ಹೊಸ್ತಿಲ ಹೊರಗೇ ನಿಲ್ಲಿಸುತ್ತಿದ್ದ ದುಡಿಯುವ ಜನಕ್ಕೆ ತಮ್ಮದೇ ಒಂದು ಬ್ಯಾಂಕು ಇರಲಿ ಎಂಬುದು ಅದರ ಉದ್ದೇಶ.

ಪ್ರತಿವರ್ಷ ಅಕ್ಟೋಬರ್ 31, ಸರ್ದಾರ್ ಪಟೇಲರ ಜನ್ಮದಿನ ಬರುವ ವಾರದಲ್ಲಿ ದೇಶದ ಕಚೇರಿಗಳಲ್ಲೆಲ್ಲ ಜಾಗೃತಿ ಅರಿವು ಸಪ್ತಾಹ. ಕೇಂದ್ರ ಜಾಗೃತ ಆಯೋಗದ ಸೂಚನೆಯಂತೆ ನೌಕರರು ಕೈ ಮುಂದೆ ಚಾಚಿ ಪ್ರಾಮಾಣಿಕತೆಯ ಪ್ರತಿಜ್ಞೆ ಮಾಡುತ್ತಾರೆ. ದೊಡ್ಡ ದೊಡ್ಡ ಬ್ಯಾಂಕುಗಳ ಕೇಂದ್ರ ಕಚೇರಿಗಳಿರುವ ಮುಂಬೈಯಲ್ಲಂತೂ ಆ ವಾರ ಪ್ರತಿಜ್ಞೆಗಳ ಸುಗ್ಗಿ. ಕೈ ಚಾಚಿದವರಲ್ಲಿ ಬಹುಪಾಲು ಒಳ್ಳೆಯವರೇ. ಒಳ್ಳೆಯವರಿಂದಲೇ ತುಂಬಿದ ಊರಿನಲ್ಲಿ ತಿಜೋರಿ ಖಾಲಿಯಾಗುವುದು ಹೇಗೆ ಎಂಬುದು ಪ್ರಶ್ನೆ.

ಹನ್ನೆರಡರಲ್ಲಿ ಒಂಬತ್ತು

ಮುಂಬೈಯವರು ಒಳ್ಳೆಯವರು ಎನ್ನಲು ಪುರಾವೆ ಇದೆಯೇ? ಒಂದು ಪುಟ್ಟ ಪುರಾವೆ ಇದೆ.

2013ರಲ್ಲಿ 'ರೀಡರ್ಸ್ ಡೈಜೆಸ್ಟ್' ಪತ್ರಿಕೆ ಜಗತ್ತಿನ 16 ನಗರಗಳಲ್ಲಿ ಒಂದು ಕಿತಾಪತಿ ನಡೆಸಿತು. ಪ್ರತಿ ನಗರದಲ್ಲೂ ಹನ್ನೆರಡು ಪರ್ಸುಗಳನ್ನು ಪಾರ್ಕು, ಫುಟ್‌ಪಾತು, ಅಂಗಡಿಗಳ ಆಸುಪಾಸಿನಲ್ಲಿ ಬೇಕೆಂದೇ ಬೀಳಿಸಿತು. ಒಳಗೆ ಹೆಸರು, ಮೊಬೈಲ್ ನಂಬರು, ಕುಟುಂಬದ ಫೋಟೊ, ಜತೆಗೆ 50 ಡಾಲರಿಗೆ ಸಮನಾದ ಸ್ಥಳೀಯ ಹಣ.

ಫಿನ್ಲೆಂಡಿನ ಹೆಲ್ಸಿಂಕಿ ಹನ್ನೊಂದು ಪರ್ಸು ಮರಳಿಸಿ ಮೊದಲನೆಯದಾಯಿತು. ಎರಡನೆಯದು ಮುಂಬೈ, ಹನ್ನೆರಡರಲ್ಲಿ ಒಂಬತ್ತು. ಐವತ್ತು ಡಾಲರು ಅಂದರೆ ಮುಂಬೈಯ ಕೂಲಿಯವನಿಗೆ ಹಲವು ದಿನಗಳ ಸಂಪಾದನೆ. ಜ್ಯೂರಿಕ್‌ನವನಿಗೆ ಒಂದು ಹೊತ್ತಿನ ಊಟ. ಆದರೂ ಶ್ರೀಮಂತ ಜ್ಯೂರಿಕ್‌ನಲ್ಲಿ ಮರಳಿದ್ದು ನಾಲ್ಕೇ ನಾಲ್ಕು.

ಹನ್ನೆರಡು ಪರ್ಸು ಇಟ್ಟುಕೊಂಡು ಒಂದು ಮಹಾನಗರಕ್ಕೆ ಗುಣಪತ್ರ ಬರೆಯಲಾಗದು, ನಿಜ. ಆದರೆ ಅರ್ಥಶಾಸ್ತ್ರಜ್ಞರ ತಂಡವೊಂದು ಇಂಥದೇ ಆಟವನ್ನು ದೊಡ್ಡದಾಗಿ ಆಡಿತು. ಭಾರತವೂ ಸೇರಿದಂತೆ 40 ದೇಶ, 355 ನಗರ, 17 ಸಾವಿರಕ್ಕೂ ಹೆಚ್ಚು ಪರ್ಸುಗಳು. ಫಲಿತಾಂಶ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹೋಟೆಲು, ಬ್ಯಾಂಕು, ಅಂಚೆ ಕಚೇರಿಗಳ ಕೌಂಟರಿನಲ್ಲಿ ಒಬ್ಬರು ಪರ್ಸು ಕೊಟ್ಟು "ಹೊರಗೆ ಸಿಕ್ಕಿತು, ಯಾರದೋ ನೋಡಿ" ಎಂದು ಹೇಳಿ ಹೊರಟುಬಿಡುವುದು. ಮಾಲೀಕನನ್ನು ಹುಡುಕುವುದು, ಬಿಡುವುದು ಕೌಂಟರಿನವರ ಧರ್ಮಕ್ಕೆ ಬಿಟ್ಟದ್ದು.

ಹಣ ಜಾಸ್ತಿ ಇದ್ದರೆ ನುಂಗುವವರೂ ಜಾಸ್ತಿ ಎಂದು ನೀವೂ ನಾನೂ ಊಹಿಸುತ್ತೇವೆ. ಅರ್ಥಶಾಸ್ತ್ರದ ಪಂಡಿತರೂ ಹೆಚ್ಚುಕಡಿಮೆ ಹಾಗೆಯೇ ಊಹಿಸಿದ್ದರು. ಆದದ್ದು ಉಲ್ಟಾ. ಹಣವಿಲ್ಲದ ಪರ್ಸುಗಳಲ್ಲಿ ಶೇ 40ಕ್ಕೆ ಮಾಲೀಕನಿಗೆ ಸುದ್ದಿ ಹೋಯಿತು. ಹಣವಿದ್ದವುಗಳಲ್ಲಿ ಶೇ 51ಕ್ಕೆ. ಅಮೆರಿಕ, ಬ್ರಿಟನ್, ಪೋಲೆಂಡುಗಳಲ್ಲಿ ದೊಡ್ಡ ಮೊತ್ತ ಇಟ್ಟಾಗ ಅದು ಶೇ 72ಕ್ಕೆ ಏರಿತು!

ಸಂಶೋಧಕರು ಎರಡು ಕಾರಣ ಕೊಟ್ಟರು. ಒಂದು, ಕಳೆದುಕೊಂಡವನ ಬಗ್ಗೆ ಕನಿಕರ. ಎರಡನೆಯದು ಇನ್ನೂ ಬಲವಾದದ್ದು: ತನ್ನ ಕಣ್ಣಿಗೆ ತಾನೇ ಕಳ್ಳನಾಗಿ ಕಾಣುವ ಮುಜುಗರ. ಖಾಲಿ ಪರ್ಸನ್ನು ಮೂಲೆಗೆಸೆದರೆ 'ಮರೆತೆ' ಎಂದು ಮನಸ್ಸಿಗೆ ಸಮಾಧಾನ ಹೇಳಬಹುದು. ತುಂಬಿದ ಪರ್ಸನ್ನು ಜೇಬಿಗಿಳಿಸಿದರೆ ಅದಕ್ಕೆ ಬೇರೆ ಹೆಸರೇ ಇಲ್ಲ.

■ ಪರ್ಸು ಪರೀಕ್ಷೆ: ಹನ್ನೆರಡರಲ್ಲಿ ಮರಳಿದ್ದೆಷ್ಟು?

ಹೆಲ್ಸಿಂಕಿ 11
ಮುಂಬೈ 9
ಬುಡಾಪೆಸ್ಟ್, ನ್ಯೂಯಾರ್ಕ್ ತಲಾ 8
ಮಾಸ್ಕೊ, ಆಮ್‌ಸ್ಟರ್‌ಡ್ಯಾಮ್ ತಲಾ 7
ಲಂಡನ್ 5
ಜ್ಯೂರಿಕ್ 4
ಮ್ಯಾಡ್ರಿಡ್ 2
ಲಿಸ್ಬನ್ 1 (ಅದನ್ನೂ ಮರಳಿಸಿದ್ದು ಪ್ರವಾಸಕ್ಕೆ ಬಂದಿದ್ದ ಡಚ್ ದಂಪತಿ!)

ಮುಖ ನೋಡಿ ಮೋಸ ಮಾಡುವುದು ಕಷ್ಟ

ಬೆಂಗಳೂರಿನಿಂದ ಮೊದಲ ಸಲ ಮುಂಬೈಗೆ ಬಂದವರು ಊರಿಗೆ ಹೋಗಿ ಹೇಳುವ ಮೊದಲ ಸುದ್ದಿ ಸಮುದ್ರದ್ದಲ್ಲ, ಆಟೊದ್ದು. "ಮೀಟರ್ ಹಾಕ್ತಾರೆ ಕಣ್ರೀ! ಎಲ್ಲಿಗೆ ಅಂತ ಕೇಳಿ, ಸುಮ್ನೆ ಮೀಟರ್ ಹಾಕ್ತಾರೆ!" ಚೌಕಾಸಿಗೆ ತಯಾರಾಗಿ ಬಂದವರಿಗೆ ಇದು ನಿರಾಸೆಯೇ ಆದೀತು. 2025ರ ಫೆಬ್ರವರಿ 1ರಿಂದ ಮೊದಲ ಒಂದೂವರೆ ಕಿಲೊಮೀಟರಿಗೆ ಆಟೊದಲ್ಲಿ 26 ರೂಪಾಯಿ, ಕಾಳಿ-ಪೀಲಿ ಟ್ಯಾಕ್ಸಿಯಲ್ಲಿ 31. ಮೂವತ್ತು ಕೊಟ್ಟರೆ ನಾಲ್ಕು ರೂಪಾಯಿ ಚಿಲ್ಲರೆ ಹುಡುಕಿ ಕೊಡುವ ಆಟೊದವರು ಈಗಲೂ ಸಿಗುತ್ತಾರೆ.

ಮುಂಬೈಯ ಆಟೊದವರೆಲ್ಲ ಸತ್ಯಹರಿಶ್ಚಂದ್ರನ ಮೊಮ್ಮಕ್ಕಳೇನಲ್ಲ. ಹತ್ತಿರದ ಸವಾರಿ ಎಂದರೆ ಮೂತಿ ತಿರುಗಿಸುವವರಿದ್ದಾರೆ, ಮೀಟರಿಗೇ ಕೈಹಾಕಿ ಸಿಕ್ಕಿಬಿದ್ದವರಿದ್ದಾರೆ. ಆದರೆ ಇಲ್ಲಿನ ರೂಢಿ ಗಟ್ಟಿ. ಮೀಟರು ಇಬ್ಬರ ಕಣ್ಣೆದುರಿಗೂ ಓಡುತ್ತದೆ. ಜಾಸ್ತಿ ಕೇಳಿದರೆ ಪ್ರಯಾಣಿಕ ಸುಮ್ಮನಿರುವುದಿಲ್ಲ, ಹಿಂದೆ ನಿಂತ ಆಟೊದವನೂ ಸುಮ್ಮನಿರುವುದಿಲ್ಲ. ಅಲ್ಲಿ ಪ್ರಾಮಾಣಿಕನಾಗಿರಲು ಮಹಾತ್ಮನಾಗಬೇಕಿಲ್ಲ, ಎಲ್ಲರಂತಿದ್ದರೆ ಸಾಕು.

ಡಬ್ಬಾವಾಲಾಗಳದ್ದೂ ಇದೇ ಪಾಠ. 1890ರ ಸುಮಾರಿಗೆ ಶುರುವಾದ ಈ ವ್ಯವಸ್ಥೆಯ ನಿಖರತೆಯನ್ನು ಜಗತ್ತೇ ಹೊಗಳಿದೆ. ಅದಕ್ಕಿಂತ ರುಚಿಯಾದ ಸಂಗತಿ ಹಳೆಯ ಮುಂಬೈಕರರ ಬಾಯಲ್ಲಿದೆ. ಸಂಬಳ ನಗದಾಗಿ ಕೈಗೆ ಬರುತ್ತಿದ್ದ ಕಾಲದಲ್ಲಿ, ಸಂಜೆಯ ಲೋಕಲ್ ಟ್ರೇನಿನ ಜೇಬುಗಳ್ಳರಿಗೆ ಹೆದರಿ, ಕೆಲವರು ಹಣವನ್ನು ಖಾಲಿ ಊಟದ ಡಬ್ಬಿಯಲ್ಲಿಟ್ಟು ಮನೆಗೆ ಕಳಿಸುತ್ತಿದ್ದರಂತೆ. ಬೀಗವಿಲ್ಲ, ರಸೀದಿ ಇಲ್ಲ.

ಗಮನಿಸಿ, ಟ್ರೇನು ಒಂದೇ. ಅದೇ ಬೋಗಿಯ ನೂಕುನುಗ್ಗಲಿನಲ್ಲಿ ಜೇಬಿಗೆ ಕೈ ಹಾಕುವವನಿಗೆ ನಿಮ್ಮ ಮುಖ ಕಾಣುವುದಿಲ್ಲ, ನಿಮಗೆ ಅವನದೂ ಕಾಣುವುದಿಲ್ಲ. ಡಬ್ಬಿ ಒಯ್ಯುವವನು ನಾಳೆ ಬೆಳಿಗ್ಗೆ ಮತ್ತೆ ಅದೇ ಬಾಗಿಲು ತಟ್ಟಬೇಕು.

ಇನ್ನು ನಮ್ಮ ಉಡುಪಿ ಹೋಟೆಲುಗಳಿಗೆ ಬನ್ನಿ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಹೋಟೆಲುಗಳು ಈ ನಗರಕ್ಕೆ ಇಡ್ಲಿ-ಸಾಂಬಾರಿನ ಜತೆ ಒಂದು ಲೆಕ್ಕದ ಶಿಸ್ತನ್ನೂ ತಂದವು. ಊರಿಂದ ಬಂದ ಹುಡುಗ ಮೊದಲು ಕ್ಲೀನರ್, ಆಮೇಲೆ ಸಪ್ಲಾಯರ್. ನಂಬಿಕೆ ಕುದುರಿದ ಮೇಲಷ್ಟೇ ಗಲ್ಲಾ. ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿಕೊಂಡು ಗಲ್ಲಾ ಏರಿದವರು ಎಷ್ಟೋ ಮಂದಿ. ಧಣಿಗೆ ಹುಡುಗನ ಅಪ್ಪ ಗೊತ್ತು, ಹುಡುಗನಿಗೆ ಧಣಿಯ ಮನೆದೈವ ಗೊತ್ತು. ತಪ್ಪು ಮಾಡಿದರೆ ಪೊಲೀಸರಿಗಿಂತ ಮೊದಲು ಊರಿಗೆ ಸುದ್ದಿ ಮುಟ್ಟುತ್ತಿತ್ತು.

ಹಳೆಯ ಹೋಟೆಲುಗಳಲ್ಲಿ ಬಿಲ್ಲಿನ ಚೀಟಿಯೂ ಇರುತ್ತಿರಲಿಲ್ಲ. ಗಿರಾಕಿ ಕೈ ತೊಳೆದು ಎದ್ದರೆ ಸಪ್ಲಾಯರ್ ನಿಂತಲ್ಲಿಂದಲೇ ಗಲ್ಲಾದ ಕಡೆ ಕೂಗು ಹಾಕುತ್ತಿದ್ದ: "ಚೌಕಳಿ ಅಂಗಿ, ಎರಡೂ ಕಾಲು!" ಗಿರಾಕಿ ಕೇಳಿಸಿಕೊಂಡ, ಗಲ್ಲಾದವನು ಕೇಳಿಸಿಕೊಂಡ, ಅಕ್ಕಪಕ್ಕದ ಮೇಜಿನವರೂ ಕೇಳಿಸಿಕೊಂಡರು. ಜಾಸ್ತಿ ಹೇಳಿದರೆ ಗಿರಾಕಿ ಬಿಡುವುದಿಲ್ಲ, ಕಡಿಮೆ ಹೇಳಿದರೆ ಧಣಿ ಬಿಡುವುದಿಲ್ಲ. ಲೆಕ್ಕ ಎಲ್ಲರ ಕಿವಿಯ ಮೇಲೆ ಬಿದ್ದಮೇಲೆ ಮೋಸಕ್ಕೆ ಜಾಗ ಎಲ್ಲಿದೆ?

■ ಹರಿಶ್ಚಂದ್ರನ ಮುಂಬೈ

ಭಾರತದ ಮೊದಲ ಕಥಾಚಿತ್ರ ಸತ್ಯಕ್ಕಾಗಿ ಎಲ್ಲ ಕಳೆದುಕೊಂಡವನದು. ದಾದಾಸಾಹೇಬ್ ಫಾಲ್ಕೆ ಅವರ 'ರಾಜಾ ಹರಿಶ್ಚಂದ್ರ' 1913ರ ಮೇ 3ರಂದು ಗಿರ್‌ಗಾಂವ್‌ನ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ರಾಣಿಯ ಪಾತ್ರಕ್ಕೆ ಹೆಣ್ಣುಮಕ್ಕಳು ಯಾರೂ ಒಪ್ಪದಿದ್ದಾಗ ಫಾಲ್ಕೆ ಆರಿಸಿಕೊಂಡದ್ದು ಗ್ರ್ಯಾಂಟ್ ರೋಡಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆಯನ್ನು. ಕನ್ನಡದಲ್ಲಿ ಈ ಕಥೆಯನ್ನು ಷಟ್ಪದಿಯಲ್ಲಿ ಕಟ್ಟಿಕೊಟ್ಟವನು ರಾಘವಾಂಕ. ಬಾಲಕ ಗಾಂಧಿಯ ಮನಸ್ಸಿನಲ್ಲಿ ಅಚ್ಚೊತ್ತಿದ್ದೂ ಹರಿಶ್ಚಂದ್ರನ ನಾಟಕವೇ.

ಹುಟ್ಟದೇ ಇದ್ದ 21 ಸಾವಿರ ಗ್ರಾಹಕರು

ಕೂಗಿ ಹೇಳುತ್ತಿದ್ದ ಲೆಕ್ಕ ಕಾಗದಕ್ಕಿಳಿದು ಫೈಲಿನೊಳಗೆ ಹೋದಾಗ ಏನಾಗುತ್ತದೆ?

2019ರ ಸೆಪ್ಟೆಂಬರಿನಲ್ಲಿ ಭಾಂಡುಪ್‌ನ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕ್, ಎಲ್ಲರ ಬಾಯಲ್ಲಿ ಪಿಎಂಸಿ, ಕುಸಿಯಿತು. ಎಚ್‌ಡಿಐಎಲ್ ಎಂಬ ಒಂದೇ ರಿಯಲ್ ಎಸ್ಟೇಟ್ ಸಮೂಹಕ್ಕೆ ಬ್ಯಾಂಕಿನ ಸಾಲದ ಸಿಂಹಪಾಲು ಹೋಗಿತ್ತು. ಅದು ರಿಸರ್ವ್ ಬ್ಯಾಂಕಿನ ಕಣ್ಣಿಗೆ ಬೀಳದಂತೆ ಮುಚ್ಚಲು 21,049 ನಕಲಿ ಖಾತೆಗಳನ್ನು ಸೃಷ್ಟಿಸಲಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಇಪ್ಪತ್ತೊಂದು ಸಾವಿರ ಸಾಲಗಾರರು. ಅವರಲ್ಲಿ ಒಬ್ಬರೂ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಅಸಲಿ ಗ್ರಾಹಕರಿಗೆ ಮಾತ್ರ ಆರಂಭದಲ್ಲಿ ಹಾಕಿದ ಮಿತಿ ಆರು ತಿಂಗಳಿಗೆ ಒಂದು ಸಾವಿರ ರೂಪಾಯಿ!

ಇದಕ್ಕೂ ಹಿಂದಿನ ಕಥೆಯ ನಾಯಕ ನಮ್ಮ ಬೆಳಗಾವಿ ಜಿಲ್ಲೆಯವನೇ. ಖಾನಾಪುರದ ಅಬ್ದುಲ್ ಕರೀಂ ತೆಲಗಿ. ಮುಂಬೈ ಸೇರಿ, ಛಾಪಾ ಕಾಗದವನ್ನೇ ನಕಲಿಯಾಗಿ ಮುದ್ರಿಸಿ, ಬ್ಯಾಂಕು-ವಿಮಾ ಕಂಪನಿಗಳಿಗೇ ಮಾರಿದ. ಇಬ್ಬರ ನಡುವಿನ ಮಾತಿಗೆ ಸರಕಾರ ಕೊಡುವ ಮುದ್ರೆಯೇ ಸುಳ್ಳು! 2001ರಲ್ಲಿ ಅಜ್ಮೀರದಲ್ಲಿ ಸಿಕ್ಕಿಬಿದ್ದ ತೆಲಗಿಗೆ 2006ರಲ್ಲಿ 30 ವರ್ಷಗಳ ಕಠಿಣ ಶಿಕ್ಷೆಯಾಯಿತು. 2017ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಇಂದು ನಾವು ತೆಗೆದುಕೊಳ್ಳುವ ಇ-ಸ್ಟ್ಯಾಂಪ್ ಆ ಹಗರಣದ ನಂತರ ಬಂದದ್ದು.

ಇವೆಲ್ಲ ಒಬ್ಬಿಬ್ಬರಿಂದ ನಡೆಯುವ ಕೆಲಸವಲ್ಲ. ನಡುವೆ ಗುಮಾಸ್ತರಿದ್ದಾರೆ, ಅಧಿಕಾರಿಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿ ಪರ್ಸು ಸಿಕ್ಕಿದ್ದರೆ ಮಾಲೀಕನಿಗೆ ಫೋನ್ ಮಾಡುತ್ತಿದ್ದವರೇ ಇರಬಹುದು. ಪರ್ಸಿನಲ್ಲಿ ಒಂದು ಕುಟುಂಬದ ಫೋಟೊ ಇರುತ್ತದೆ. ಫೈಲಿನಲ್ಲಿ ಇರುವುದು ಅಂಕಿ. 'ಮೇಲಿನವರು ಹೇಳಿದರು, ಕೆಳಗಿನವರು ಬರೆದರು, ನಾನು ಸಹಿ ಹಾಕಿದೆ' ಎಂದು ಹೇಳಿಕೊಂಡು ಕಳ್ಳತನದ ಭಾಗವಾಗಿಯೂ ಕಳ್ಳನೆನಿಸಿಕೊಳ್ಳದೆ ಮನೆಗೆ ಹೋಗಬಹುದು. ಸಾರ್ವಜನಿಕ ಬದುಕಿನ ಅಪ್ರಾಮಾಣಿಕತೆಗೆ ಕೆಟ್ಟವರಿಗಿಂತ ಹೆಚ್ಚಾಗಿ ಬೇಕಾಗುವುದು ತಲೆ ಎತ್ತಿ ನೋಡದ ಒಳ್ಳೆಯವರು.

ಹಾಗಂತ ಮುಖ ಕಂಡರೆ ಸಾಕೆಂದು ಮೈಮರೆಯುವಂತೆಯೂ ಇಲ್ಲ. ವಾರವಾರ ಬಡ್ಡಿ ಕೊಡುತ್ತೇವೆಂದು ದಾದರಿನಲ್ಲಿ ಥಳಕಿನ ಆಭರಣ ಮಳಿಗೆ ತೆರೆದಿದ್ದ ಟೋರೆಸ್, 2025ರ ಜನವರಿಯಲ್ಲಿ ಬಾಗಿಲು ಹಾಕಿದಾಗ ಬೀದಿಗೆ ಬಂದವರಲ್ಲಿ ತರಕಾರಿ ಮಾರುವವರಿದ್ದರು. ಇಂಥ ಸ್ಕೀಮುಗಳಿಗೆ ಜನ ಸೇರುವುದೇ ನೆಂಟರ, ನೆರೆಯವರ ಮುಖ ನೋಡಿ. ಅಲ್ಲಿ ಮುಖವಿತ್ತು, ಲೆಕ್ಕವನ್ನು ಮಾತ್ರ ಯಾರೂ ಕೂಗಿ ಹೇಳಲಿಲ್ಲ.

■ ಬ್ಯಾಂಕು ಮುಳುಗಿದರೆ ನಿಮಗೆಷ್ಟು?

ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ, ಬಡ್ಡಿಯೂ ಸೇರಿ, 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಈ ಮಿತಿ 1 ಲಕ್ಷ ಇತ್ತು. 1962ರಲ್ಲಿ ಠೇವಣಿ ವಿಮೆ ಶುರುವಾದಾಗ ಇದ್ದದ್ದು 1,500 ರೂಪಾಯಿ. 1960ರಲ್ಲಿ ಪಾಲೈ ಸೆಂಟ್ರಲ್ ಬ್ಯಾಂಕ್ ಮತ್ತು ಲಕ್ಷ್ಮಿ ಬ್ಯಾಂಕ್ ಮುಳುಗಿದ್ದೇ ಈ ವ್ಯವಸ್ಥೆಗೆ ಕಾರಣ. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಗ್ರಾಹಕರಿಗೆ ಈ ಮೊತ್ತ 90 ದಿನಗಳೊಳಗೆ ಸಿಗಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ.

ಧ್ವನಿವರ್ಧಕ ಹಾಕಿಸಿದ ವಿಚಾರಣೆ

ಫೈಲನ್ನು ಬಿಚ್ಚಿ ಊರಿಗೆಲ್ಲ ಕೇಳುವಂತೆ ಓದಿದರೆ ಏನಾಗುತ್ತದೆಂದು ತೋರಿಸಿಕೊಟ್ಟದ್ದೂ ಇದೇ ನಗರ.

1957ರ ಜೂನ್. ಹುಟ್ಟಿ ಒಂದು ವರ್ಷವೂ ತುಂಬದಿದ್ದ ಜೀವ ವಿಮಾ ನಿಗಮ, ಅಂದರೆ ಎಲ್‌ಐಸಿ, ಕಲ್ಕತ್ತೆಯ ಉದ್ಯಮಿ ಹರಿದಾಸ್ ಮುಂಧ್ರಾಗೆ ಸೇರಿದ ಆರು ಕಂಪನಿಗಳ ಶೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ನಿಗಮದ ಹೂಡಿಕೆ ಸಮಿತಿಯನ್ನು ಕೇಳಿಯೇ ಇರಲಿಲ್ಲ. ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಇದನ್ನು ಎತ್ತಿದವರು ಆಡಳಿತ ಪಕ್ಷದವರೇ ಆದ, ಪ್ರಧಾನಿ ನೆಹರೂ ಅವರ ಅಳಿಯ ಫಿರೋಜ್ ಗಾಂಧಿ.

ವಿಚಾರಣೆಯ ಹೊಣೆ ಬಿದ್ದದ್ದು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಮೇಲೆ. ಅವರು ಬಾಗಿಲು ಮುಚ್ಚಿ ಕೂರಲಿಲ್ಲ. 1958ರ ಜನವರಿಯಲ್ಲಿ ಬಹಿರಂಗ ವಿಚಾರಣೆ ಶುರುವಾಯಿತು. ಜನ ಎಷ್ಟು ಮುತ್ತಿದರೆಂದರೆ ಒಳಗೆ ಜಾಗ ಸಾಲದೆ, ಹೊರಗೆ ನಿಂತವರಿಗೂ ಕೇಳಲೆಂದು ಧ್ವನಿವರ್ಧಕ ಕಟ್ಟಿಸಬೇಕಾಯಿತು. ಹಣಕಾಸು ಕಾರ್ಯದರ್ಶಿ ಏನು ಹೇಳಿದರು, ನಿಗಮದ ಅಧ್ಯಕ್ಷರು ಏನು ಒಪ್ಪಿದರು, ಸಚಿವರು ತಲೆಯಾಡಿಸಿದರೋ ಇಲ್ಲವೋ, ಎಲ್ಲವೂ ಮೈಕಿನಲ್ಲಿ! ವಿಮೆಯ ಕಂತು ಕಟ್ಟಿದವರೇ ಬೀದಿಯಲ್ಲಿ ನಿಂತು ತಮ್ಮ ಹಣದ ಲೆಕ್ಕ ಕೇಳಿಸಿಕೊಂಡರು.

ಫೆಬ್ರವರಿ 10ಕ್ಕೆ ವರದಿ ಸಿದ್ಧವಾಯಿತು. ಅದೇ ತಿಂಗಳು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅವರು ಹಣ ತಿಂದರೆಂದು ಛಾಗ್ಲಾ ಹೇಳಲಿಲ್ಲ. ತಮ್ಮ ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆ, 'ನನಗೆ ಗೊತ್ತಿರಲಿಲ್ಲ' ಎಂದು ಅಧಿಕಾರಿಯನ್ನು ಮುಂದೆ ತಳ್ಳಿ ಪಾರಾಗುವಂತಿಲ್ಲ ಎಂದರು. ಕೈ ಶುದ್ಧವಿದ್ದರಷ್ಟೇ ಸಾಲದು, ಕಣ್ಣೂ ತೆರೆದಿರಬೇಕು ಎಂಬ ಮಾತು ಕಾನೂನಿನ ಭಾಷೆಯಲ್ಲಿ ಬಂದದ್ದು ಹೀಗೆ.

ಇದಕ್ಕೆ ಒಂದು ವರ್ಷ ಮೊದಲು, 1957ರ ಜನವರಿಯಲ್ಲಿ, ಇದೇ ಮುಂಬೈಯ ರಿಸರ್ವ್ ಬ್ಯಾಂಕಿನಲ್ಲಿ ಇನ್ನೊಂದು ರಾಜೀನಾಮೆ ಆಗಿತ್ತು. ಮಂಗಳೂರು ಮೂಲದ ಬೆನೆಗಲ್ ರಾಮರಾವ್, ಏಳೂವರೆ ವರ್ಷ ಗವರ್ನರ್ ಆಗಿದ್ದವರು, ಬ್ಯಾಂಕಿನ ಸ್ವಾಯತ್ತತೆಯ ಪ್ರಶ್ನೆಯಲ್ಲಿ ಇದೇ ಸಚಿವರ ಜತೆ ಹೊಂದದೆ ಕುರ್ಚಿ ಬಿಟ್ಟರು. ಹಗರಣ ಬಯಲಾಗಿ ಕೊಡುವ ರಾಜೀನಾಮೆಗೆ ಸುದ್ದಿ ದೊಡ್ಡದು. ಒಪ್ಪದ ಕೆಲಸಕ್ಕೆ ಸಹಿ ಹಾಕದೆ ಎದ್ದು ಹೋಗುವ ರಾಜೀನಾಮೆಗೆ ತೂಕ ದೊಡ್ಡದು.

ಇಣುಕಿ ನೋಡಿದವನ ಪಾಡು

ಎಲ್ಲರೂ ಇಣುಕಿ ನೋಡಲಿ ಎಂದು ಬರೆಯುವುದು ಸುಲಭ. ನೋಡಿದವನಿಗೆ ಏನಾಗುತ್ತದೆ ಎಂಬುದನ್ನೂ ಬರೆಯಬೇಕು.

ಕೋಲಾರದ ಚಿನ್ನದ ಗಣಿ ಊರಿನಲ್ಲಿ ಬೆಳೆದ ಹುಡುಗ ಮಂಜುನಾಥ್ ಷಣ್ಮುಗಂ. ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ. ಸೇರಿದ್ದು ಇಂಡಿಯನ್ ಆಯಿಲ್‌ಗೆ. ಅದರ ಮಾರುಕಟ್ಟೆ ವಿಭಾಗದ ಕೇಂದ್ರ ಕಚೇರಿ ಇರುವುದು ಬಾಂದ್ರಾದಲ್ಲಿ. ಕೆಲಸ ಉತ್ತರ ಪ್ರದೇಶದ ಲಖೀಂಪುರ ಖೇರಿಯ ಪೆಟ್ರೋಲ್ ಬಂಕುಗಳ ತಪಾಸಣೆ. ಕಲಬೆರಕೆ ಕಂಡ ಬಂಕಿಗೆ ಬೀಗ ಹಾಕಿಸಿದರು. ಅದು ಮತ್ತೆ ಶುರುವಾದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡು ಹಾರಿಸಿ ಕೊಲ್ಲಲಾಯಿತು. ವಯಸ್ಸು 27.

ಅಪರಾಧಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಂಜುನಾಥ್ ಅವರಂಥವರ ರಕ್ಷಣೆಗೆಂದು ಸಂಸತ್ತು ಮಾಡಿದ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2014ರ ಮೇ ತಿಂಗಳಲ್ಲಿ. ದಶಕ ಕಳೆದರೂ ಆ ಕಾನೂನು ಜಾರಿಗೆ ಬಂದಿಲ್ಲ. ಪ್ರತಿವರ್ಷ ಕೈ ಚಾಚಿ ಮಾಡಿಸುವ ಪ್ರತಿಜ್ಞೆ ಮಾತ್ರ ಒಂದು ವರ್ಷವೂ ತಪ್ಪಿಲ್ಲ.

ಆದ್ದರಿಂದ 'ಪ್ರಾಮಾಣಿಕರಾಗಿರಿ' ಎಂಬ ಬೋಧನೆ ಅರ್ಧ ಸತ್ಯ. ಮಂಜುನಾಥ್ ಅವರಿಗೆ ಕೊರತೆಯಾದದ್ದು ಪ್ರಾಮಾಣಿಕತೆಯಲ್ಲ. ಬಂಕಿನಲ್ಲಿ ಅವರ ಪಕ್ಕ ನಿಲ್ಲಲು ಇನ್ನೊಬ್ಬ ಇರಲಿಲ್ಲ.

■ ದಾರಿಯಲ್ಲಿ ಬಿದ್ದ ಒಂದು ರೂಪಾಯಿ

ಬಿದ್ದ ವಸ್ತು ಎತ್ತಿಕೊಳ್ಳುವುದು ಅಪರಾಧವೇ? 1860ರ ಭಾರತೀಯ ದಂಡಸಂಹಿತೆ ಒಂದು ಉದಾಹರಣೆಯನ್ನೇ ಕೊಟ್ಟಿತ್ತು: ಹೆದ್ದಾರಿಯಲ್ಲಿ ಸಿಕ್ಕ ರೂಪಾಯಿಯ ಒಡೆಯ ಯಾರೆಂದು ಗೊತ್ತೇ ಇಲ್ಲದೆ ಎತ್ತಿಕೊಂಡರೆ ಅಪರಾಧವಲ್ಲ. ಒಡೆಯ ಯಾರೆಂದು ಗೊತ್ತಿದ್ದೂ, ಅಥವಾ ಪತ್ತೆಹಚ್ಚುವ ದಾರಿ ಇದ್ದೂ, ಇಟ್ಟುಕೊಂಡರೆ ಅಪರಾಧ. ಈಗಿನ ಭಾರತೀಯ ನ್ಯಾಯಸಂಹಿತೆಯ 314ನೇ ಕಲಮಿನಲ್ಲಿ ಇದಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆ ಮತ್ತು ದಂಡ.

ಅರ್ಧ ಗಂಟೆ ಬಿಟ್ಟು ಸೇರುವ ಸಭೆ

ಬಂದೂಕಿನ ಭಯವಿಲ್ಲದೆ ಇಣುಕಿ ನೋಡುವ ಅಭ್ಯಾಸ ಎಲ್ಲಿ ಮಾಡಬಹುದು? ಮುಂಬೈಯವರಿಗೆ ಜಾಗ ಮನೆಯ ಕೆಳಗೇ ಇದೆ. ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆ.

ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ, 1960ರ ಪ್ರಕಾರ ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರೊಳಗೆ, ಸಭೆ ನಡೆಯಬೇಕು. ಸೊಸೈಟಿಯ ಲೆಕ್ಕಪತ್ರ ನೋಡುವ ಹಕ್ಕು ಸದಸ್ಯರಿಗೆ ಕಾಯ್ದೆಯಲ್ಲೇ ಇದೆ. ಮೇಂಟೆನೆನ್ಸ್, ರಿಪೇರಿ ಫಂಡ್, ಸಿಂಕಿಂಗ್ ಫಂಡ್ ಎಂದು ತಿಂಗಳು ತಿಂಗಳು ಕಟ್ಟುವ ಹಣ ಹಳೆಯ ಕಟ್ಟಡವೊಂದರಲ್ಲಿ ಕೋಟಿ ದಾಟುವುದು ಅಪರೂಪವೇನಲ್ಲ.

ನೋಟಿಸ್ ಬೋರ್ಡಿಗೆ ಅಂಟಿಸುವ ಸಭೆಯ ಚೀಟಿಯ ಕೊನೆಯ ಸಾಲನ್ನು ಓದಿದ್ದೀರಾ? ಮಾದರಿ ಉಪವಿಧಿಯ ಪ್ರಕಾರ ಕೋರಂಗೆ ಬೇಕಾದದ್ದು ಮೂರನೇ ಎರಡರಷ್ಟು ಸದಸ್ಯರು ಅಥವಾ 20 ಜನ, ಯಾವುದು ಕಡಿಮೆಯೋ ಅದು. ಅಷ್ಟೂ ಜನ ಬಾರದಿದ್ದರೆ ಸಭೆ ಮುಂದೂಡಿ, ಅರ್ಧ ಗಂಟೆಯ ನಂತರ ಅದೇ ಜಾಗದಲ್ಲಿ ಕೋರಂ ಇಲ್ಲದೆಯೇ ನಡೆಸಲಾಗುವುದು ಎಂದು ಆ ಸಾಲು ಹೇಳುತ್ತದೆ. ಜನ ಬರುವುದಿಲ್ಲ ಎಂಬುದನ್ನು ಮೊದಲೇ ಖಚಿತ ಮಾಡಿಕೊಂಡು ಅಚ್ಚು ಹಾಕಿಸಿದ ಸಾಲು ಅದು.

ಆ ಅರ್ಧ ಗಂಟೆಯಲ್ಲಿ ಪಾರ್ಕಿಂಗ್ ಜಾಗಕ್ಕೆ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ, ಸಮೋಸ ಬರುತ್ತದೆ, ಹತ್ತು-ಹನ್ನೆರಡು ಜನ ಬರುತ್ತಾರೆ. ಉಳಿದವರು ಮೇಲೆ ಮನೆಯಲ್ಲಿರುತ್ತಾರೆ. ತೆರಿಗೆ ಕಟ್ಟುವವರು, ಲೋಕಲ್‌ನಲ್ಲಿ ಪಾಸಿಲ್ಲದೆ ಹತ್ತದವರು, ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳಿ ಮಲಗಿಸುವವರು. ಕೆಳಗೆ ಸೆಕ್ರೆಟರಿ ಲೆಕ್ಕ ಓದುತ್ತಾರೆ. ಟೆರೇಸಿನ ವಾಟರ್‌ಪ್ರೂಫಿಂಗಿಗೆ ಇಷ್ಟು, ಪಂಪಿಗೆ ಇಷ್ಟು, ಇತರೆ ಇಷ್ಟು. "ಪಾಸ್?" "ಪಾಸ್."

ಯಾರೋ ಒಬ್ಬರು ಎದ್ದು "ಆ 'ಇತರೆ' ಏನು, ವೋಚರ್ ತೋರಿಸ್ತೀರಾ?" ಎನ್ನುತ್ತಾರೆ. ಎಲ್ಲ ಸೊಸೈಟಿಯಲ್ಲೂ ಇಂಥವರು ಒಬ್ಬರಿರುತ್ತಾರೆ. ಅವರಿಗೆ ಇಟ್ಟ ಹೆಸರೂ ಎಲ್ಲ ಕಡೆ ಒಂದೇ, ಕಿರಿಕಿರಿ ಪಾರ್ಟಿ. "ಬಿಡಿ ಸಾರ್, ನಮ್ಮವರೇ ತಾನೇ, ಪುಕ್ಕಟೆ ದುಡೀತಾರೆ" ಎಂದು ಸಭೆ ಅವರನ್ನು ಕೂರಿಸುತ್ತದೆ.

ಸೆಕ್ರೆಟರಿ ಕಳ್ಳರಾಗಿರಬೇಕಿಲ್ಲ, ಹೆಚ್ಚಿನವರು ನಿಜಕ್ಕೂ ಪುಕ್ಕಟೆ ದುಡಿಯುವವರೇ. ಲೆಕ್ಕ ಸರಿ ಇದ್ದವರಿಗೆ ವೋಚರ್ ತೋರಿಸುವುದು ಐದು ನಿಮಿಷದ ಕೆಲಸ, ಮರ್ಯಾದೆಯ ಪ್ರಶ್ನೆಯಲ್ಲ. ಹೋಟೆಲಿನಲ್ಲಿ ಬಿಲ್ಲು ಕೂಗಿದ್ದಕ್ಕೆ ಸಪ್ಲಾಯರನ ಮೇಲೆ ಅನುಮಾನ ಎಂದು ಯಾರೂ ತಿಳಿಯುತ್ತಿರಲಿಲ್ಲ. ಕೇಳುವುದನ್ನೇ ಅವಮಾನ ಎನ್ನುವ ರೂಢಿಯಲ್ಲಿ ಪ್ರಾಮಾಣಿಕ ಸೆಕ್ರೆಟರಿಗೂ ಕಳ್ಳ ಸೆಕ್ರೆಟರಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ನಷ್ಟ ಮೊದಲನೆಯವರಿಗೇ ಹೆಚ್ಚು.

ಕಾರ್ಮಿಕರ ಬ್ಯಾಂಕಾಗಲಿ, ಕನ್ನಡ ಸಂಘವಾಗಲಿ, ದೇವಸ್ಥಾನದ ಟ್ರಸ್ಟಾಗಲಿ, ಇಪ್ಪತ್ತು ಮನೆಯ ಸೊಸೈಟಿಯಾಗಲಿ, ಪ್ರಾಮಾಣಿಕತೆಯನ್ನು ಒಬ್ಬರ ಗುಣವೆಂದು ಹೊಗಳಿ ಅವರಿಗೇ ವಹಿಸಿಬಿಟ್ಟರೆ ಅದು ಅವರಿರುವಷ್ಟು ದಿನ. ಅವರ ನಂತರದವರ ಕಾಲಕ್ಕೂ ಉಳಿಯಬೇಕಾದರೆ ಕೇಳುವವರು ಬೇಕು. ಕೇಳುವವರು ಒಬ್ಬರೇ ಆದರೆ ಕಿರಿಕಿರಿ, ಇಬ್ಬರಾದರೆ ಚರ್ಚೆ, ಐವರಾದರೆ ಅದೇ ಪದ್ಧತಿ. ಮುಂದಿನ ಸೆಪ್ಟೆಂಬರಿನಲ್ಲಿ ನಿಮ್ಮ ಸೊಸೈಟಿಯ ಕಿರಿಕಿರಿ ಪಾರ್ಟಿ ಎದ್ದು ನಿಂತಾಗ, "ನನಗೂ ಆ ವೋಚರ್ ನೋಡಬೇಕಿತ್ತು" ಎನ್ನುವ ಎರಡನೆಯವರು ನೀವಾಗಿ.